ತಪ್ಪು ಕಾರಿನ ಕೀಯದು

ತಾರೀಖು ೮, ಶನಿವಾರ

ಮೊಂಡಿಗೆ ಅಮ್ಮನ ಆಶೀರ್ವಾದಗಳು.

ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳ ಕೈಯಲ್ಲಿ ಪತ್ರ ಬರೆಸುತ್ತಿದ್ದೀಯಲ್ಲ, ನಿನಗೆ ಹೇಳುವವರು ಕೇಳುವವರು ಯಾರೂ ಇಲ್ಲವೇ? ಫೋನಿನಲ್ಲಿ ನಾನು ಕಿರುಚುತ್ತೇನಂತೆ. "ಇನ್ಮೇಲೆ ಏನಿದ್ರೂ ಬರೆದು ಕಳಿಸಮ್ಮ, ಓದ್ತೀನಿ" ಎಂದು ಫೋನಿಟ್ಟೆ. ಹತ್ತು ದಿನ ನಾನೂ ಹಟ ಹಿಡಿದು ಸುಮ್ಮನಿದ್ದೆ. ತಡವಾದದ್ದಕ್ಕೆ ಪತ್ರದಲ್ಲಿ ಕ್ಷಮೆ ಕೇಳಬೇಕಂತೆ, ಕೇಳಿದೆ ಅಂದುಕೋ. ಹೊಲಿಗೆ ಮೆಷಿನ್ನಿನ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನೀನೇ ನೆಟ್ಟಗೆ ಮಾಡಿಕೊಂಡು ಓದು.

ವಿಷಯ ಇಷ್ಟೇ. ನಿಮ್ಮಪ್ಪನ ತಲೆ ಸರಿಯಾಗಿದೆ. ಕೆಟ್ಟಿದ್ದು ಕಾರಿನ ಕೀ.

ಎರಡು ತಿಂಗಳಲ್ಲಿ ನಾಲ್ಕು ಸಲ ಮನೆ ಮುಂದೆ ನಿಲ್ಲಿಸಿದ ಕಾರು ಬೆಳಿಗ್ಗೆ ನೋಡಿದರೆ ಬೀಗವಿಲ್ಲದೆ ಬಿದ್ದಿತ್ತು. "ಹಾಕಿದ್ದೆ ಕಣೇ" ಎಂದು ಅವರು, "ಹಾಕಿದ್ರೆ ದೆವ್ವ ಬಂದು ತೆಗೀತಾ" ಎಂದು ನಾನು. ನಾಲ್ಕನೇ ಸಲ ಹಿಂದಿನ ಸೀಟಿನಲ್ಲಿದ್ದ ಬಟ್ಟೆ ಗಂಟೇ ಹೋಯಿತು. ಶಾಲೆ ಮಕ್ಕಳ ಹದಿನೆಂಟು ಅಂಗಿ, ಗುಂಡಿ ಕಾಜಾ ಎಲ್ಲ ಮುಗಿಸಿದ್ದವು. ಆ ದಿನ ನೀನೂ ಇಲ್ಲೇ ಇದ್ದೆ. "ಅಪ್ಪಂಗೆ ಮರೆವು ಶುರುವಾಗಿದೆ. ಇನ್ನು ಗಾಡಿ ಓಡಿಸೋದು ಬೇಡ. ಮುಂದಿನ ತಿಂಗಳು ಇಪ್ಪತ್ತನೇ ತಾರೀಖು ಡಾಕ್ಟರಿಗೆ ತೋರಿಸೋಣ" ಎಂದೆ ನೀನು. ನಾನು ಕೈ ಚಾಚಿದೆ. ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಮನುಷ್ಯ ಜೇಬಿನಿಂದ ಕೀ ತೆಗೆದು ನನ್ನ ಅಂಗೈಯಲ್ಲಿಟ್ಟರು. ಜಗಳವಾಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅದನ್ನು ಅಲಮಾರಿಯ ಮೇಲಿನ ಡಬ್ಬಿಯಲ್ಲಿಟ್ಟೆ. ಮೂರು ವಾರ ಕಾರಿನ ಬೀಗ ಭದ್ರ. "ನೋಡಿ, ಕೀ ನನ್ನ ಹತ್ರ ಬಂದ್ಮೇಲೆ ಒಂದು ದಿನವಾದ್ರೂ ತೆರೆದಿತ್ತಾ" ಎಂದು ಎತ್ತಿ ಆಡಿದ್ದೂ ಆಯಿತು. ಅವರು ಹೌದೆಂದು ತಲೆಯಾಡಿಸಿದರು.

ಕಳೆದ ಭಾನುವಾರ ಡಬ್ಬಿ ಬೇಕಾಗಿ ಕೀಯನ್ನು ಮೆಷಿನ್ನಿನ ಡ್ರಾಯರಿಗೆ ಹಾಕಿ, ಅದರ ಮೇಲೆ ದೊಡ್ಡ ಕತ್ತರಿ ತುರುಕಿ ನೂಕಿದೆ. ಬೀದಿಯಲ್ಲಿ ಕಾರು ಕುಂಯ್ ಎಂದು ದೀಪ ಮಿಟುಕಿಸಿತು. ಡ್ರಾಯರು ಎಳೆದು ಮತ್ತೆ ನೂಕಿದೆ. ಮತ್ತೆ ಕುಂಯ್. ಹೋಗಿ ಬಾಗಿಲು ಎಳೆದರೆ ಕೈಗೆ ಬಂತು. ನಿಮ್ಮಪ್ಪ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. "ರೀ, ಬನ್ನಿ ಇಲ್ಲಿ" ಎಂದು ಕೂಗಿದೆ. ಕೈ ಒರೆಸಿಕೊಳ್ಳುತ್ತಾ ಬಂದು, "ಈಗೇನು ಮರೆತೆ ನಾನು?" ಎಂದರು.

ಸೋಮವಾರ ಕೀ ಮಾಡುವವನ ಅಂಗಡಿಗೆ ಹೋದೆವು. ಅವನು ಹೆಬ್ಬೆರಳಲ್ಲಿ ಒತ್ತಿ ನೋಡಿ, "ಅಜ್ಜೀ, ಗುಂಡಿ ಮೇಲಿನ ರಬ್ಬರ್ ಹರಿದು ಒಳಕ್ಕೆ ಕುಸಿದಿದೆ. ಜೇಬಲ್ಲಿ ಏನು ತಗುಲಿದ್ರೂ ಒತ್ಕೊಳ್ಳುತ್ತೆ, ಕಾರು ತೆರ್ಕೊಳ್ಳುತ್ತೆ. ಬಿಟ್ಟು ಹೋಗಿ, ಸಂಜೆ ಕೊಡ್ತೀನಿ" ಎಂದ.

"ಅಜ್ಜಿ ನಿಮ್ಮನೇಲಿರ್ತಾಳೆ. ಖಾಲಿ ಕವಚ ಕೊಡಪ್ಪ, ನಾನೇ ಹಾಕ್ಕೋತೀನಿ" ಎಂದೆ.

"ಆಯ್ತು, ಅಕ್ಕ. ಹಳೇದರ ಮೂಲೇಲಿ ಅಕ್ಕಿಕಾಳಿನಷ್ಟು ಕರೀ ಚೂರು ಇರುತ್ತೆ, ಅದನ್ನ ಮಾತ್ರ ಬಿಡ್ಬೇಡಿ. ಅದಿಲ್ದೆ ಇಂಜಿನ್ ಶುರುವಾಗಲ್ಲ" ಎಂದ. ಅಕ್ಕ ಅಂದದ್ದೇ ಕಿವಿಯಲ್ಲಿ ಉಳಿಯಿತು, ಮಿಕ್ಕಿದ್ದು ಉಳಿಯಲಿಲ್ಲ.

ಮನೆಗೆ ಬಂದು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಕುಳಿತೆವು. ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ಸಂದಿಗೆ ಹಾಕಿ ಮೀಟಿದೆ. ಕವಚ ಎರಡು ಹೋಳಾಯಿತು, ಸ್ಪ್ರಿಂಗು ಮಿಡತೆಯ ಹಾಗೆ ಹಾರಿ ಹೋಯಿತು. ನಾನು ಸೂಜಿ ಹೆಕ್ಕುವ ಅಯಸ್ಕಾಂತ ಹಿಡಿದುಕೊಂಡು ನಿಮ್ಮಪ್ಪ ನೆಲವೆಲ್ಲ ತಡಕಿದರು. ಆರು ಸೂಜಿ, ಎರಡು ಹುಕ್ಕು, ಕೊನೆಗೆ ಸ್ಪ್ರಿಂಗು. "ನಿನ್ನ ಸಿಟ್ಟಿಗಿಂತ ಬೇಗ ನೆಗೆಯುತ್ತಲ್ಲೇ ಇದು" ಎಂದರು. ಮೂರು ವಾರದಲ್ಲಿ ಅವರ ಬಾಯಿಂದ ಬಂದ ಮೊದಲ ತಮಾಷೆ ಅದು.

ಬ್ಯಾಟರಿ, ಗುಂಡಿಗಳ ಪುಟ್ಟ ಹಲಗೆ ಎಲ್ಲ ಹೊಸ ಕವಚಕ್ಕೆ ಕೂರಿಸಿದೆ. ಒಳಗೆ ಮಡಚಿಕೊಳ್ಳುವ ಕೀಯ ಅಲಗನ್ನು ಹಿಡಿದಿದ್ದ ಕಡ್ಡಿಯನ್ನು ದಪ್ಪ ಸೂಜಿ ಇಟ್ಟು ತಟ್ಟಿ ತೆಗೆದು ಬದಲಿಸಿದೆ. ಆದರೆ ಒತ್ತಿದರೆ ಅಲಗು ಹೊರಗೆ ಚಿಮ್ಮಲೇ ಇಲ್ಲ, ನಿದ್ದೆಗಣ್ಣಿನವನ ತಲೆಯ ಹಾಗೆ ಜೋತುಬಿತ್ತು. ನಿಮ್ಮಪ್ಪ ನೋಡಿ, "ಸ್ಪ್ರಿಂಗ್ ಸುಮ್ನೆ ಇಟ್ಟಿದ್ದೀಯ. ಒಂದೂವರೆ ಸುತ್ತು ತಿರುಗಿಸಿ, ಬಿಗಿ ಮಾಡಿ ಕೂರಿಸು" ಎಂದರು. ಅವರು ತಿರುಗಿಸಿ ಹಿಡಿದರು, ನಾನು ಮುಚ್ಚಿದೆ. ಒತ್ತಿದರೆ ಟಕ್ ಎಂದು ಅಲಗು ನೆಟ್ಟಗೆ ನಿಂತಿತು.

ಬೀದಿಗೆ ಹೋದೆವು. ಬಾಗಿಲು ತೆರೆಯಿತು. ಇಂಜಿನ್ ಮಾತ್ರ ಶುರುವಾಗಲಿಲ್ಲ. ಮೂರು ಸಲ ತಿರುಗಿಸಿ ಅವರು ಸ್ಟೀರಿಂಗಿನಿಂದ ಕೈ ತೆಗೆದುಬಿಟ್ಟರು. "ನಾನೇ ಏನೋ ತಪ್ಪು ಮಾಡ್ತಿದ್ದೀನಿ ಕಣೇ. ಬಿಡು, ಬೇಡ" ಎಂದರು. ಮುಖ ಇಷ್ಟೇ ಇಷ್ಟಾಗಿತ್ತು. ಆಗ ನೆನಪಾಯಿತು ನೋಡು, ಆ ಕರೀ ಚೂರು. ಹಳೆಯ ಕವಚವನ್ನು ನಾನು ಬಟ್ಟೆ ಚೂರಿನ ಜೊತೆ ಗುಡಿಸಿ ಚೀಲಕ್ಕೆ ಹಾಕಿದ್ದೆ.

ಚೀಲವನ್ನು ಜಗಲಿಯ ಮೇಲೆ ಸುರಿದೆವು. ಒಂದು ವರ್ಷದ ಚಿಂದಿ. ಇಬ್ಬರೂ ಕುಕ್ಕರಗಾಲಲ್ಲಿ ಕುಳಿತು ಕೆದಕಿದೆವು. ಕವಚ ಸಿಕ್ಕಿತು, ಮೂಲೆಯಲ್ಲಿ ಚೂರು ಅಂಟಿಕೊಂಡೇ ಇತ್ತು. "ಮರೆತವಳು ನಾನು, ಕೇಳಿಸ್ತಾ? ನಾನು" ಎಂದೆ. ಅವರು ನಿಧಾನವಾಗಿ ನಗಲು ಶುರು ಮಾಡಿ, "ಹಾಗಾದ್ರೆ ಇಪ್ಪತ್ತನೇ ತಾರೀಖು ಡಾಕ್ಟರ ಹತ್ರ ನಿನ್ನನ್ನ ಕರ್ಕೊಂಡು ಹೋಗ್ತೀನಿ" ಎಂದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಚೂರು ಕೂರಿಸಿದ ಮೇಲೆ ಒಂದೇ ತಿರುವಿಗೆ ಇಂಜಿನ್ ಎದ್ದಿತು. ಕೆರೆ ಏರಿಯವರೆಗೂ ಹೋಗಿ ಬಂದೆವು.

ಐದು ದಿನವಾಯಿತು. ಕೀ ಅವರ ಜೇಬಿನಲ್ಲೇ ಇದೆ. ದಿನಾ ಬೆಳಿಗ್ಗೆ ನಾನು ಮುಖ ತೊಳೆಯುವ ಮೊದಲೇ ಹೋಗಿ ಬಾಗಿಲು ಎಳೆದು ನೋಡುತ್ತೇನೆ. ಹಾಕಿದ ಬೀಗ ಹಾಕಿದ ಹಾಗೇ ಇದೆ. ಎದೆ ಮೇಲಿಂದ ಇಸ್ತ್ರಿಪೆಟ್ಟಿಗೆ ಇಳಿಸಿದ ಹಾಗಾಗಿದೆ. ಊಟ ರುಚಿಸುತ್ತಿದೆ. ಡಾಕ್ಟರಿಗೆ ತೋರಿಸಲೇಬೇಕು ಅನ್ನುವುದಾದರೆ ತೋರಿಸು, ನಾನು ಬೇಡ ಅನ್ನುವುದಿಲ್ಲ. ಆದರೆ ಕಾರು ಅವರೇ ಓಡಿಸಿಕೊಂಡು ಬರುತ್ತಾರೆ, ನಾನು ಪಕ್ಕದಲ್ಲಿ ಕುಳಿತು ಬರುತ್ತೇನೆ.

ನಿನಗೂ ಅಳಿಯನಿಗೂ ಕೈಕಾಲು ಗಟ್ಟಿಯಿರಲಿ, ಹೊಟ್ಟೆ ತಣ್ಣಗಿರಲಿ.

ಇಂತಿ,
ಕಿರುಚುವ ನಿನ್ನ ಅಮ್ಮ

ಮರೆತದ್ದು: ನಿನ್ನೆ ನಿಮ್ಮಪ್ಪನ ಅಂಗಿ ಜೇಬಿನ ಮೂಲೆ ಬಿಚ್ಚಿತ್ತೆಂದು ಹೊಲಿಯಲು ತೆಗೆದುಕೊಂಡೆ. ಒಳಗೊಂದು ಚೀಟಿ ಇತ್ತು. ಅವರದೇ ಅಕ್ಷರ. ಅವರ ಹೆಸರು, ಮನೆ ನಂಬರು, ಬೀದಿ. ಅದರ ಕೆಳಗೆ, "ಇವರನ್ನು ಮನೆಗೆ ಕರೆತಂದವರು ದಯವಿಟ್ಟು ಹೆಂಡತಿಗೆ ಮೆಲ್ಲಗೆ ಹೇಳಿ. ಜೋರು ಮಾಡುತ್ತಾಳೆ, ಆದರೆ ಬಹಳ ಹೆದರುತ್ತಾಳೆ" ಎಂದಿತ್ತು. ನಾನೂ ನೀನೂ ಸೇರಿ ಅವರಿಗೆ ಮರೆವೆಂದು ಅಷ್ಟರಮಟ್ಟಿಗೆ ನಂಬಿಸಿದ್ದೆವು, ತಿಳಿಯಿತೇ. ಕೀ ಸರಿಹೋದ ಮೇಲೂ ಅದನ್ನು ತೆಗೆದು ಬಿಸಾಡಿಲ್ಲ. ನಾನೂ ಹರಿಯಲಿಲ್ಲ, ಜೇಬು ಹೊಲಿದು ಅದರಲ್ಲೇ ಇಟ್ಟಿದ್ದೇನೆ. ಅದನ್ನು ಅವರೇ ತೆಗೆಯಬೇಕು. ನಾನು ತಪ್ಪಾಯಿತು ಅಂದರೆ ನಕ್ಕು ಸುಮ್ಮನಾಗುತ್ತಾರೆ. ತಪ್ಪಾಯಿತೆಂದು ನೀನು ಬರೆ, ನನಗಲ್ಲ, ಅವರ ಹೆಸರಿಗೆ. ಡಾಕ್ಟರ ಬಳಿ ಹೋಗುವ ಮೊದಲು, ಹದಿನೈದನೇ ತಾರೀಖಿನೊಳಗೆ ಕೈಸೇರಬೇಕು.