ಹಚ್ಚದ ಹಣತೆ

ಜೋರಹಾಟ, ಅಸ್ಸಾಂ
ಅಕ್ಟೋಬರ್ ೧೯೪೮

ಅಪ್ಪನವರಿಗೆ ವಾಮನನ ನಮಸ್ಕಾರಗಳು.

ಇಲ್ಲಿ ಶಾಲೆಯ ಕೆಲಸ ಸುಸೂತ್ರವಾಗಿದೆ. ನಿನ್ನೆ ಇವರ ಕಾತಿ ಬಿಹು ಹಬ್ಬ. ಕಣಜ ಬರಿದಾಗುವ ಕಾಲವಾದ್ದರಿಂದ ಊಟದ ಸಡಗರವಿಲ್ಲ. ಭತ್ತದ ಗದ್ದೆಯಲ್ಲಿ, ತುಳಸಿಯ ಬುಡದಲ್ಲಿ ದೀಪ ಹಚ್ಚುತ್ತಾರೆ. ತೀರಿಕೊಂಡವರಿಗೆ ದಾರಿ ಕಾಣಲೆಂದು ಬಿದಿರಿನ ತುದಿಗೂ ಒಂದು ದೀಪ ಏರಿಸುತ್ತಾರೆ. ಮನೆಯೊಡತಿ ನನಗೂ ಹಣತೆ ಕೊಟ್ಟು, "ನಿನ್ನವರಿಗೂ ಒಂದು ಏರಿಸಪ್ಪ" ಎಂದರು. ನಾನು ಹಚ್ಚಲಿಲ್ಲ.

"ಗದ್ದಲ ಇಳೀತದ, ದೀಪಾವಳಿಗೆ ಬಾರಪಾ" ಎಂದು ಶ್ರಾವಣದಲ್ಲಿ ಕರಜಗಿಯಿಂದ ಬರೆದಿದ್ದಿರಿ. ಆಮೇಲೆ ನಿಜಾಮನ ರಜಾಕಾರರು ನಮ್ಮ ಕಡೆಯ ಊರುಗಳಿಗೆ ನುಗ್ಗಿದರೆಂಬ ಸುದ್ದಿ ಪತ್ರಿಕೆಯಲ್ಲಿ ಬಂತು, ನಿಮ್ಮ ಕಾಗದ ಬರಲಿಲ್ಲ. ಯಾರ ಕೈಯಿಂದಾದರೂ ಎರಡು ಸಾಲು ಬರೆಸಿರಿ. ಅವ್ವನ ಹೆಸರೂ ಅದರಲ್ಲಿರಲಿ.

ಹಣತೆ ಪೆಟ್ಟಿಗೆಯಲ್ಲಿದೆ. ಅದನ್ನು ನಮ್ಮ ಹೊಸ್ತಿಲಿಗೆ ತರುತ್ತೇನೆ.

ನಿಮ್ಮ
ವಾಮನ