ಮುಂದಿನ ಕೋಣೆ ಖಾಲಿಯಿಲ್ಲ

ಧಕ್ಕೆಯ ಹಿಂದಿನ ಬೀದಿ
ಭಾನುವಾರ, ಮಧ್ಯಾಹ್ನ

ಹಡಗಿನ ಮೇಲಿರುವ ಯಜಮಾನರಿಗೆ ಮನೆಯ ಒಳಗಿರುವ ಯಜಮಾನಿಯ ನಮಸ್ಕಾರಗಳು.

ನಾವು ಇಲ್ಲಿ ಕ್ಷೇಮ. ನೀವು ಕ್ಷೇಮವೆಂಬುದನ್ನು ಕಳೆದ ವಾರ ಕಣ್ಣಾರೆ ನೋಡಿದೆ. ಸ್ವಲ್ಪ ದಪ್ಪಗಾಗಿದ್ದೀರಿ, ಬಿಳಿ ಕೋಟು ಒಪ್ಪುತ್ತದೆ. ನಿಮ್ಮ ಕಾಗದದ ಕೊನೆಗೆ "ಉತ್ತರ ಬೇಕಾಗಿಲ್ಲ, ಸಿದ್ಧತೆ ಮಾಡಿಕೊಂಡರೆ ಸಾಕು" ಎಂದು ಬರೆದಿದ್ದೀರಿ. ಆ ಒಂದು ಸಾಲಿಗಾಗಿಯೇ ಈ ಉತ್ತರ. ಇಲ್ಲದಿದ್ದರೆ ಸುಮ್ಮನಿದ್ದುಬಿಡುತ್ತಿದ್ದೆನೇನೋ. ಹತ್ತು ವರ್ಷ ಸುಮ್ಮನಿದ್ದವಳಿಗೆ ಇನ್ನೊಂದು ವಾರ ಏನು ಮಹಾ.

ನೀವು ಬರೆದದ್ದನ್ನು ನಾನು ಸರಿಯಾಗಿ ತಿಳಿದುಕೊಂಡಿದ್ದೇನೋ ಇಲ್ಲವೋ ನೋಡಿ. ಮೊದಲು ನಿಮ್ಮ ಹಡಗು ಐದಾರು ದ್ವೀಪ ಸುತ್ತುತ್ತಿತ್ತು. ನಮ್ಮ ದ್ವೀಪದ ಮುಂದೆ ಬೆಳಿಗ್ಗೆ ಬಂದು, ದೂರದಲ್ಲೇ ಲಂಗರು ಹಾಕಿ, ಜನರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಕಳಿಸಿ, ಸಂಜೆಯಾಗುವ ಮೊದಲೇ ಹೊರಟುಬಿಡುತ್ತಿತ್ತು. ಈಗ ನಮ್ಮಲ್ಲಿ ಹಡಗು ಬಂದು ತಾಗುವ ಹೊಸ ಧಕ್ಕೆ ಎದ್ದಿದೆ. ಕಂಪನಿಯವರು ಬೇರೆ ದ್ವೀಪಗಳನ್ನೆಲ್ಲ ಕೈಬಿಟ್ಟು, ಇದೊಂದಕ್ಕೇ ಬಂದು, ಹಡಗನ್ನು ದಡಕ್ಕೆ ಕಟ್ಟಿ, ಒಂದು ರಾತ್ರಿ ಉಳಿದು ಹೋಗುವ ಹೊಸ ಪ್ರವಾಸ ಶುರು ಮಾಡಿದ್ದಾರೆ. ರಾತ್ರಿ ಉಳಿಸಿಕೊಂಡ ಮೇಲೆ ಪ್ರಯಾಣಿಕರಿಗೆ ಏನಾದರೂ ತೋರಿಸಬೇಕಲ್ಲ? ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ ನೀವು ಎದ್ದು ನಿಂತಿರಿ. ನನ್ನ ಮನೆ ಅಲ್ಲೇ ಇದೆ, ಹೆಂಡತಿ ಇದ್ದಾಳೆ, ದ್ವೀಪದ ನಿಜವಾದ ಮನೆಯಲ್ಲಿ ನಿಜವಾದ ಊಟ ಹಾಕಿಸುತ್ತೇನೆ ಎಂದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಇದು ನಡೆದರೆ, ಊಟದ ಹಾಲ್‌ನಲ್ಲಿ ತಟ್ಟೆ ಹೊತ್ತು ತಿರುಗುವ ನಿಮಗೆ ಆತಿಥ್ಯದ ಮುಖ್ಯಸ್ಥನ ಪಟ್ಟ, ಮಲಗಲು ಕಿಟಕಿಯಿರುವ ಕೋಣೆ. ಇಷ್ಟೇ ತಾನೆ?

ಕಿಟಕಿಯಿಲ್ಲದ ಕೋಣೆಯಲ್ಲಿ ಹತ್ತು ವರ್ಷ ಮಲಗುವುದು ಕಷ್ಟ. ಅದನ್ನು ಅಲ್ಲಗಳೆಯುವಷ್ಟು ಕಟುಕಿ ನಾನಲ್ಲ. ಆದರೆ ನಿಮ್ಮ ಕಿಟಕಿ ತೆರೆಯಲು ನನ್ನ ಬಾಗಿಲೇ ಕಿತ್ತುಕೊಡಬೇಕೇ?

ಮುಂದಿನ ಕೋಣೆ ಖಾಲಿ ಮಾಡು ಎಂದಿದ್ದೀರಿ. ಹಳೆಯ ಊಟದ ಮೇಜನ್ನು ನಡುವೆ ಹಾಕು, ಅದೇ ನೀಲಿ ಉಡುಪು ಹಾಕಿಕೋ, ನೀನೇ ಬಡಿಸು, ಕಡಿಮೆ ಮಾತಾಡಿದರೆ ಚೆನ್ನ, ಕೊನೆಯಲ್ಲಿ ಮಗು ಆ ಬೆಕ್ಕಿನ ಹಾಡು ಹೇಳಲಿ ಎಂದಿದ್ದೀರಿ. ಮೇಜು ಇದೆ. ಅದರ ಮೇಲೆ ಈಗ ಕ್ಯಾನ್ವಾಸು ಕತ್ತರಿಸುತ್ತೇವೆ, ಮೈತುಂಬ ಕತ್ತರಿಯ ಗೀರು. ನೀಲಿ ಉಡುಪಿಗೂ ನನಗೂ ಹೊಂದಾಣಿಕೆಯಾಗದೆ ಬೇರೆಯಾಗಿ ಬಹಳ ಕಾಲವಾಯಿತು. ಮಾತು ಕಡಿಮೆ ಮಾಡುವುದು ಈ ಕಾಗದದಲ್ಲೇ ಆಗುತ್ತಿಲ್ಲ, ಇನ್ನು ಊಟದ ಮೇಜಿನಲ್ಲಿ ಆಗುತ್ತದೆಯೇ? ಮಗುವಿನ ಹಾಡಿನ ವಿಷಯ ಕೊನೆಗೆ ಬರೆಯುತ್ತೇನೆ, ಜಾಗ ಉಳಿದರೆ.

ಬಾಗಿಲ ಮೇಲೆ ನಿಮ್ಮ ಹೆಸರಿನ ಹಲಗೆ ಕಾಣಲಿಲ್ಲ, ಮತ್ತೆ ತೂಗುಹಾಕು ಎಂದೂ ಇದೆ. ಹಲಗೆ ಅಲ್ಲೇ ಇದೆ, ನೀವು ನೋಡಿಯೂ ಇದ್ದೀರಿ. ಮಗುಚಿ ಹಾಕಿದ್ದೇನೆ, ಅಷ್ಟೆ. "ಹಾಯಿ, ಕೊಡೆ, ದೋಣಿಯ ಹೊದಿಕೆ ಹೊಲಿದು ಕೊಡಲಾಗುವುದು" ಎಂದು ಹಿಂಬದಿಗೆ ನಾನೇ ಬರೆದೆ. ನಿಮ್ಮ ಹೆಸರಿಗೆ ಏನೂ ಕೊರತೆಯಾಗಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡು ಬಿಸಿಲಿಲ್ಲದೆ, ಮಳೆಯಿಲ್ಲದೆ, ಕೆಲಸವಿಲ್ಲದೆ ಹಾಯಾಗಿದೆ.

ಕಳೆದ ವಾರ ಹಡಗು ಮೊದಲ ಸಲ ರಾತ್ರಿ ಉಳಿದಾಗ ನೀವು ನಮ್ಮ ಬೀದಿಗೆ ಬಂದಿರಿ. ನಾನು ಒಳಗೇ ಇದ್ದೆ. ದೋಣಿಯ ಹೊದಿಕೆಯೊಂದನ್ನು ಮೈಮೇಲೆ ಎಳೆದುಕೊಂಡು ಅಂಚು ಹೊಲಿಯುತ್ತಿದ್ದೆ, ನಿಮಗೆ ಕಾಣಲಿಲ್ಲ. ದೊಡ್ಡ ಬಟ್ಟೆ ಹೊಲಿಯುವವರ ಹಣೆಬರಹವೇ ಅಷ್ಟು, ಬಟ್ಟೆ ಕಾಣುತ್ತದೆ, ಮನುಷ್ಯರು ಕಾಣುವುದಿಲ್ಲ. ನೀವು ಹಸಿರು ಬಾವುಟ ಎತ್ತಿಕೊಂಡು ಹಿಂದೆ ಬಂದವರಿಗೆಲ್ಲ ಹೇಳುತ್ತಿದ್ದಿರಿ: "ಇದೇ ನೋಡಿ ನಮ್ಮನೆ. ನನ್ನ ಹೆಂಡ್ತೀದು ತುಂಬ ನಾಚಿಕೆ ಸ್ವಭಾವ. ಹಡಗು ಬರೋ ದಿನ ಕಿಟಕೀಲಿ ದೀಪ ಇಟ್ಕೊಂಡು ಕಾಯ್ತಿರ್ತಾಳೆ." ಯಾರೋ ಹೆಂಗಸು ಅಯ್ಯೋ ಪಾಪ ಅಂದಳು. ಇನ್ನೊಬ್ಬರು ಕಿಟಕಿಯ ಫೋಟೋ ತೆಗೆದುಕೊಂಡರು. ದೀಪ ಇದ್ದದ್ದು ನಿಜ. ಸೂಜಿಗೆ ದಾರ ಪೋಣಿಸಲು ಇಟ್ಟ ಟೇಬಲ್ ಲ್ಯಾಂಪು. ವಯಸ್ಸಾಯಿತು, ಕಣ್ಣು ಮಂಜು. ಅದಕ್ಕೆ ವಿರಹ ಎಂದು ಹೆಸರಿಟ್ಟರೆ ಕೇಳುವವರಿಗೆ ಮೋಜು. (ಪ್ರಾಸದ ಚಟ ಇನ್ನೂ ಬಿಟ್ಟಿಲ್ಲ. ನೀವು ಜೊತೆಗಿದ್ದದ್ದಕ್ಕಿಂತ ಅದು ಜೊತೆಗಿದ್ದದ್ದೇ ಹೆಚ್ಚು.)

ನೀವು ಬಾಗಿಲು ತಟ್ಟುತ್ತೀರೇನೋ ಎಂದು ಸೂಜಿ ಹಿಡಿದ ಕೈ ಒಂದು ಗಳಿಗೆ ನಿಂತಿತು. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿ ಬರೆದಿದ್ದೇನೆ. ನೀವು ಗಡಿಯಾರ ನೋಡಿಕೊಂಡಿರಿ, ಬಾವುಟ ಮುಂದೆ ಹೋಯಿತು. ಕೈ ಮತ್ತೆ ಹೊಲಿಯತೊಡಗಿತು.

ನಿಮ್ಮಕ್ಕನ ಬೇಕರಿ ಈಗಲೂ ಪಕ್ಕದಲ್ಲೇ ಇದೆ. ಮರುದಿನ ಬೆಳಿಗ್ಗೆ ಹಡಗಿಗೆ ಬ್ರೆಡ್ಡು ಕೊಡಲು ಧಕ್ಕೆಗೆ ಬಂದಿದ್ದರು. ನೀವು ಅವರನ್ನು ಕಂಡು ಕೈ ಬೀಸಿ "ಅಕ್ಕಾ, ಆಮೇಲೆ ಸಿಗ್ತೀನಿ" ಅಂದಿರಂತೆ. ಆ 'ಆಮೇಲೆ' ಇನ್ನೂ ಬಂದಿಲ್ಲ. ಅಲ್ಲೇ ಹಗ್ಗ ಕಟ್ಟುವ ಕಬ್ಬಿಣದ ಗೂಟದ ಮೇಲೆ, ಹಳದಿ ಜಾಕೆಟ್ಟು, ಹೆಲ್ಮೆಟ್ಟು ಹಾಕಿಕೊಂಡ ಧಕ್ಕೆಯ ಆಳು ಕುಳಿತು ತಿಂಡಿ ತಿನ್ನುತ್ತಿತ್ತಂತೆ. ನಿಮ್ಮವರಿಗೆ ಹಡಗಿನ ಮೂತಿಯ ಜೊತೆ ಫೋಟೋ ಬೇಕಿತ್ತು. "ಏ ತಮ್ಮಾ, ಸ್ವಲ್ಪ ಆಚೆ ಸರಿಯೋ, ಅಡ್ಡ ಬರ್ತಿದೀಯ" ಅಂದಿರಂತೆ. ಆಳು ಮಾತಾಡದೆ ಎದ್ದು ಸರಿದದ್ದಕ್ಕೆ ಖುಷಿಯಾಗಿ ಒಂದು ನಾಣ್ಯ ಎಸೆದಿರಂತೆ. ನಿಮ್ಮಕ್ಕ ಒಲೆ ಬಿಟ್ಟು ಮನೆಗೆ ಬಂದು ಇದನ್ನೆಲ್ಲ ಹೇಳಿದರು. ಅಂದು ಅವರ ಒಲೆಯಲ್ಲಿ ಒಂದು ಪಾಳಿ ಬ್ರೆಡ್ಡು ಪೂರಾ ಸೀದುಹೋಯಿತು. ಅವರ ಜನ್ಮದಲ್ಲಿ ಹಾಗಾದದ್ದು ನಾನು ನೋಡಿಲ್ಲ.

ಆಮೇಲೆ ನಿಮ್ಮ ಕಂಪನಿಯಿಂದ ಒಬ್ಬ ಅಧಿಕಾರಿ ಹೆಂಗಸು ಮನೆ ನೋಡಲು ಬಂದರು. ಪಾಪ, ಒಳ್ಳೆಯವರು, ಚಪ್ಪಲಿ ಕಳಚಿ ಒಳಗೆ ಬಂದರು. ಗೋಡೆ ಅಳೆದರು, ಬೆಳಕು ನೋಡಿದರು. ಹೊಲಿಗೆ ಯಂತ್ರಗಳ ಮುಂದೆ ನಿಂತು, "ಮೇಡಂ, ಇವನ್ನ ಒಂದು ರಾತ್ರಿ ಮಟ್ಟಿಗೆ ಎಲ್ಲಾದ್ರೂ ಅಡಗಿಸಿಡೋಕಾಗುತ್ತಾ? ಗೆಸ್ಟ್‌ಗಳಿಗೆ ಮನೆ ಥರ ಕಾಣ್ಬೇಕು" ಅಂದರು.

ಇದು ಮನೆಯೇ, ಯಂತ್ರ ಇರುವ ಮನೆ, ಎಂದೆ ನಾನು.

ಅಷ್ಟರಲ್ಲಿ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಿದ್ದ ನಿಮ್ಮಕ್ಕ ಬಾಯಿ ಹಾಕಿದರು: "ಮನೆ ಥರ ಕಾಣ್ಬೇಕು ಅಂದ್ರೆ ಗಂಡ ಮನೇಲಿರ್ಬೇಕಮ್ಮ. ಅವನನ್ನ ನೀವು ಹತ್ತು ವರ್ಷದಿಂದ ಅಡಗಿಸಿಟ್ಟಿದೀರಿ. ಮೊದ್ಲು ಅವನನ್ನ ಹೊರಗೆ ತೆಗೀರಿ, ಆಮೇಲೆ ನಾವು ಮೆಷಿನ್ ಒಳಗಿಡ್ತೀವಿ."

ಆ ಹೆಂಗಸು ನಕ್ಕರು, ಆಮೇಲೆ ನಗಬಾರದಿತ್ತೇನೋ ಎಂದು ಮುಖ ಗಂಭೀರ ಮಾಡಿಕೊಂಡರು. ಮನೆ ಸಿಗದಿದ್ದರೆ ನಿಮಗೆ ಆ ಹುದ್ದೆ ಸಿಗುವುದಿಲ್ಲ ಎಂಬುದನ್ನು ಅವರೇ ತಿಳಿಸಿದರು. ಯೋಚಿಸಿ ಹೇಳಿ ಎಂದರು. ನಾನು ಅಲ್ಲೇ ಹೇಳಿಬಿಟ್ಟೆ: ಮನೆ ಸಿಗುವುದಿಲ್ಲ. ಆದ್ದರಿಂದ ಈ ಸಲ ಹಡಗು ಬಂದಾಗ ನಿಮ್ಮ ಅತಿಥಿಗಳಿಗೆ ಹಡಗಿನಲ್ಲೇ ಊಟ. ಮುಂಚೆಯೇ ತಿಳಿಸಿ, ಅವರು ಹಸಿದು ನಿಲ್ಲದಂತೆ ನೋಡಿಕೊಂಡಿದ್ದೇನೆ, ನಾಚಿಕೆ ಸ್ವಭಾವದವಳಾದರೂ.

ನಿಮಗೆ ಸಿಟ್ಟು ಬಂದಿರಬೇಕು. "ಇಷ್ಟು ಮಾಡದಿದ್ದರೆ ನನ್ನ ಮರ್ಯಾದೆ ಏನಾಗಬೇಕು?" ಎಂದು ಕಾಗದದಲ್ಲಿ ಮೊದಲೇ ಕೇಳಿಟ್ಟಿದ್ದೀರಿ. ನಿಮ್ಮ ಮರ್ಯಾದೆಯನ್ನು ನೀವು ಹಡಗಿನಲ್ಲಿ ತೆಗೆದುಕೊಂಡು ಹೋಗಿದ್ದಿರಿ. ಇಲ್ಲಿ ಬಿಟ್ಟಿದ್ದರೆ ಅದಕ್ಕೂ ಒಂದು ಹೊದಿಕೆ ಹೊಲಿದು ಜೋಪಾನ ಮಾಡುತ್ತಿದ್ದೆ. ಆರು ತಿಂಗಳಿಗೆಂದು ಹೋದವರು ನೀವು. ಮೊದಲ ವರ್ಷ ಹಡಗು ಬಂದಾಗಲೆಲ್ಲ ಮಗುವಿನ ತಲೆ ಬಾಚಿ ಕರೆದುಕೊಂಡು ಹೋಗಿ ದಡದಲ್ಲಿ ನಿಲ್ಲುತ್ತಿದ್ದೆ. ಸಣ್ಣ ದೋಣಿಗಳು ಬರುತ್ತಿದ್ದವು, ಟೋಪಿ ಹಾಕಿದವರೆಲ್ಲ ಇಳಿಯುತ್ತಿದ್ದರು, ನೀವು ಇಳಿಯುತ್ತಿರಲಿಲ್ಲ. ಡ್ಯೂಟಿ ಎಂದು ಬರೆಯುತ್ತಿದ್ದಿರಿ. ಒಂದು ದಿನ ನಾನು ಹೋಗುವುದು ಬಿಟ್ಟೆ. ಹಾಯಿ ಹೊಲಿಯುವ ಮುದುಕರ ಹತ್ತಿರ ಹೋಗಿ, ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡು ದಪ್ಪ ಸೂಜಿ ದೂಡುವುದನ್ನು ಕಲಿತೆ. ಬೆರಳಿಗೆ ಚುಚ್ಚಿಕೊಂಡಾಗ ಅತ್ತರೆ, ಅದು ಬೆರಳಿಗಾಗಿ ಅತ್ತದ್ದೆಂದು ಎಲ್ಲರೂ ತಿಳಿಯುತ್ತಿದ್ದರು. ಆ ಕಸುಬಿನಲ್ಲಿ ಅದೊಂದು ಅನುಕೂಲ.

ಈಗ ನಿಜವಾದ ಕಾರಣ ಹೇಳುತ್ತೇನೆ, ನಗಬೇಡಿ. ಮುಂದಿನ ಕೋಣೆ ಹಡಗು ನಿಲ್ಲುವ ರಾತ್ರಿ ನನಗೇ ಬೇಕು. ನಿಮ್ಮ ಹಡಗಿನ ಮೇಲಿನ ಡೆಕ್ಕಿನಲ್ಲಿ, ನೀವು ಸಂಜೆ ತಂಪು ಪಾನೀಯ ಹಂಚುವ ಜಾಗದಲ್ಲಿ, ನೆರಳಿಗೆ ಕಟ್ಟಿದ ಕ್ಯಾನ್ವಾಸು ಗಾಳಿಗೆ ಹರಿದಿದೆಯಲ್ಲ? ಡೆಕ್ಕಿನ ಅಧಿಕಾರಿ ನಮ್ಮ ಹಲಗೆ ನೋಡಿಕೊಂಡು ತಾವಾಗಿಯೇ ಬಂದರು. ಮೊದಲೆಲ್ಲ ಹಡಗು ಇಲ್ಲಿ ಅರ್ಧ ದಿನ ನಿಲ್ಲುತ್ತಿತ್ತು, ರಿಪೇರಿಗೆ ಸಮಯ ಸಾಲುತ್ತಿರಲಿಲ್ಲ. ಈಗ ಸಂಜೆ ಬಿಚ್ಚಿ ಕೊಟ್ಟರೆ ಬೆಳಿಗ್ಗೆ ಹೊಲಿದು ಕೊಡುತ್ತೇನೆ. ಚೆನ್ನಾಗಿ ಬಂದರೆ ಹಡಗಿನ ಎಲ್ಲ ಕ್ಯಾನ್ವಾಸಿನ ಕೆಲಸವೂ ನಮಗೇ ಅಂದಿದ್ದಾರೆ. ನಾನು ನಿಮ್ಮ ಹೆಂಡತಿ ಎಂದು ಅವರಿಗೆ ಗೊತ್ತಿಲ್ಲ, ನಾನೂ ಹೇಳಿಲ್ಲ. ಶಿಫಾರಸು ಎಂದುಕೊಂಡುಬಿಟ್ಟರೆ?

ಆ ಕ್ಯಾನ್ವಾಸನ್ನು ಹಾಸಿದರೆ ಕೋಣೆ ತುಂಬಿ ಹೊಸ್ತಿಲು ದಾಟಿ ಬೀದಿಗೆ ಇಳಿಯುತ್ತದೆ. ನಿಮ್ಮ ಅತಿಥಿಗಳು ಕೂರಬೇಕಿದ್ದ ಜಾಗದಲ್ಲಿ ನಿಮ್ಮ ಹಡಗಿನ ನೆರಳೇ ಮಲಗಿರುತ್ತದೆ. ಹಡಗು ಬಂದು ಒಂದು ರಾತ್ರಿ ನಿಲ್ಲುವುದು ನಿಮಗೆ ಕಥೆ ಹೇಳಲು ಸಿಕ್ಕ ಅವಕಾಶ, ನನಗೆ ಕೆಲಸ ಮಾಡಲು ಸಿಕ್ಕ ಅವಕಾಶ. ಎರಡೂ ಒಂದೇ ಕೋಣೆಯಲ್ಲಿ ಹಿಡಿಸುವುದಿಲ್ಲ. ಬಾಡಿಗೆ ನಾನು ಕಟ್ಟುವುದರಿಂದ ಕಥೆಯೇ ಹೊರಗೆ ನಿಲ್ಲಬೇಕು.

ಹಾಗೆಂದು ಬಾಗಿಲು ಹಾಕಿಕೊಂಡಿರುವುದಿಲ್ಲ. ಅಷ್ಟು ದೊಡ್ಡ ಬಟ್ಟೆಗೆ ಬಾಗಿಲು ಹಾಕಲೂ ಬರುವುದಿಲ್ಲ. ಬಾವುಟ ಇಲ್ಲದೆ, ಬಿಳಿ ಕೋಟು ಇಲ್ಲದೆ, ಹಿಂದೆ ಮುಂದೆ ಯಾರೂ ಇಲ್ಲದೆ ಬರುವುದಾದರೆ ಬನ್ನಿ. ಊಟಕ್ಕೆ ಕರೆಯುತ್ತಿಲ್ಲ. ಕ್ಯಾನ್ವಾಸಿನ ಇನ್ನೊಂದು ತುದಿಯನ್ನು ಎಳೆದು ಹಿಡಿಯಲು ಒಬ್ಬರು ಬೇಕು. ಅದು ಕಷ್ಟದ ಕೆಲಸ, ಮಾತಾಡಿದರೆ ಕೈ ಸಡಿಲವಾಗುತ್ತದೆ. ಆದ್ದರಿಂದ ನೀವು ಕಡಿಮೆ ಮಾತಾಡಿದರೆ ಚೆನ್ನ.

ಬರದಿದ್ದರೆ ನಿಮ್ಮಕ್ಕ ಹಿಡಿಯುತ್ತಾರೆ. ಲಟ್ಟಣಿಗೆ ಕೆಳಗಿಟ್ಟು ಬರಬೇಕಾಗುತ್ತದೆ ಎಂಬುದೊಂದೇ ಅವರ ಬೇಸರ. ಅದನ್ನು ನಿಮಗಾಗಿ ಇಟ್ಟುಕೊಂಡಿದ್ದರಂತೆ.

ಇಂತಿ,
ಕಿಟಕಿಯಲ್ಲಿ ದೀಪವಿಟ್ಟು
ಕೈಯಲ್ಲಿ ಸೂಜಿ ಹಿಡಿದು
ಯಾರಿಗೂ ಕಾಯದ
ಹಾಯಿಯವಳು

ಮರೆತಿದ್ದು: ಮಗುವಿನ ಹಾಡು. ಮಗುವಿಗೆ ಈಗ ಹದಿನೆಂಟು. ಬೆಕ್ಕಿನ ಹಾಡು ಮರೆತಿದೆ. ನಾನು ದಡಕ್ಕೆ ಹೋಗುವುದು ಬಿಟ್ಟ ಮೇಲೂ ಅವಳು ಬಿಡಲಿಲ್ಲ. ನಿಮ್ಮನ್ನು ಕಾಯಲು ಹೋಗಿ ಹೋಗಿ, ಹಗ್ಗ ಹಿಡಿಯುವವರ ಪಕ್ಕದಲ್ಲಿ ನಿಂತು ನಿಂತು, ಆ ಕೆಲಸ ಕಲಿತಳು. ಹೊಸ ಧಕ್ಕೆಯಲ್ಲಿ ನಿಮ್ಮ ಹಡಗು ಎಸೆಯುವ ಮೊದಲ ಹಗ್ಗ ಹಿಡಿಯುವವಳು ಅವಳೇ. ಅವಳು ಹಿಡಿದು ಗೂಟಕ್ಕೆ ಹಾಕಿದ ಮೇಲೇ ಹಡಗು ನಿಲ್ಲುತ್ತದೆ, ನೀವು ಇಳಿಯುತ್ತೀರಿ. ಈ ಕಾಗದವನ್ನು ನಿಮ್ಮ ಕೈಗೆ ಕೊಟ್ಟ ಹಳದಿ ಜಾಕೆಟ್ಟು ಇನ್ನೂ ಎದುರಿಗೇ ಇದ್ದರೆ ತಲೆಯೆತ್ತಿ ನೋಡಿ. ಲಕೋಟೆಯಲ್ಲಿ ನೀವು ಎಸೆದ ನಾಣ್ಯವಿದೆ, ಅವಳೇ ಹಾಕಿದಳು. ಬೆಳಿಗ್ಗೆ ಹಗ್ಗ ಬಿಚ್ಚುವವಳೂ ಅವಳೇ. ಆ ಹೊತ್ತಿಗೆ ನೀವು ಹಡಗಿನ ಮೇಲಿರುತ್ತೀರೋ ದಡದ ಮೇಲಿರುತ್ತೀರೋ, ನಿಮ್ಮಿಷ್ಟ. ಅವಳು ಹೇಳಿ ಕಳಿಸಿದ್ದು ಇಷ್ಟೇ: "ಟೈಮಿಗೆ ಸರಿಯಾಗಿ ಬಿಚ್ತೀನಿ. ಯಾರಿಗೂ ಕಾಯಲ್ಲ."