ನೀವಿಲ್ಲದಾಗ ಕೊಂಡ ಮನೆ

ಸದ್ಯಕ್ಕೆ ಬಾಡಿಗೆ ಮನೆಯಿಂದಲೇ
ಮಾರ್ಚ್ ೧೪, ಗುರುವಾರ

ಪ್ರೀತಿಯ ನಿಮಗೆ,

ಹೇಗಿದ್ದೀರಿ? ಹಡಗಿನ ಅಡುಗೆಮನೆಯಲ್ಲಿ ಬಿಸಿ ಎಣ್ಣೆ ಸಿಡಿದು ಮುಂಗೈ ಸುಟ್ಟುಕೊಂಡಿದ್ದಿರಲ್ಲ, ವಾಸಿಯಾಯಿತಾ? "ಏನಿಲ್ಲ" ಅಂತ ಬರೆಯಬೇಡಿ. ನಿಮ್ಮ "ಏನಿಲ್ಲ"ದಲ್ಲಿ ಎಷ್ಟೆಲ್ಲ ಇರುತ್ತೆ ಅಂತ ನನಗೆ ಗೊತ್ತು. ಅತ್ತೆಯ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಚುರುಕಾಗಿದೆ. ಮಗಳಿಗೆ ಮುಂದಿನ ಹಲ್ಲು ಬಿದ್ದು, ಅರ್ಧ ಮಾತು ಗಾಳಿಯಾಗಿ ಹೋಗುತ್ತಿದೆ.

ಇನ್ನು ಮನೆಯ ವಿಷಯ. ನೀವು ಹೇಳಿದ ಬ್ಯಾಂಕಿಗೇ ಮೊದಲು ಹೋದೆ. ನಿಮ್ಮದು ಒಂದೊಂದು ಹಡಗಿಗೆ ಒಂದೊಂದು ಒಪ್ಪಂದ, ನಡುವೆ ತಿಂಗಳುಗಟ್ಟಲೆ ಸಂಬಳವಿಲ್ಲ ಅಂತ ಅಲ್ಲಿನ ಅಧಿಕಾರಿ ಮುಖ ಹಿಂಡಿದರು. ಆಗುತ್ತೆ ಅಂತಲೂ ಇಲ್ಲ, ಆಗಲ್ಲ ಅಂತಲೂ ಇಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಮನೆ ಮಾರುವವರು ತಿಂಗಳ ಕೊನೆಯವರೆಗೆ ಮಾತ್ರ ಕಾಯ್ತೀವಿ ಅಂದಿದ್ದರು. ಆಸ್ಪತ್ರೆಯ ಹಿರಿಯ ನರ್ಸ್, ನಾನು ಸಮವಸ್ತ್ರ ಹೊಲಿದುಕೊಡ್ತೀನಲ್ಲ ಅವರು, ಮನೆಸಾಲ ಮಾಡಿಸಿಕೊಡುವ ಬ್ರೋಕರ್ ಒಬ್ಬರ ಹತ್ತಿರ ಕಳಿಸಿದರು. "ಬ್ರೋಕರ್ ಕೈಗೆ ಜುಟ್ಟು ಕೊಡ್ತೀಯಾ?" ಅಂತ ಅತ್ತೆ. ನನಗೂ ಅಳುಕಿತ್ತು.

ಔಷಧಿ ಅಂಗಡಿಯ ಮೇಲೆ ಪುಟ್ಟ ಕೋಣೆ. ನನ್ನದೇ ವಯಸ್ಸಿನ ಹೆಂಗಸು. ಕುರ್ಚಿಯ ಮೇಲಿದ್ದ ಫೈಲುಗಳನ್ನು ನೆಲಕ್ಕಿಳಿಸಿ ಕೂರಿಸಿದರು. ನಿಮಗೆ ನಾನೆಷ್ಟು ಕೊಡಬೇಕು ಅಂತ ಮೊದಲೇ ಕೇಳಿಬಿಟ್ಟೆ. "ನೀವೇನೂ ಕೊಡಬೇಡಿ, ಸಾಲ ಕೊಡುವ ಬ್ಯಾಂಕೇ ಕೊಡುತ್ತೆ" ಅಂದರು. ಹಾಗಾದರೆ ನೀವು ನಮ್ಮ ಕಡೆಯವರೋ ಬ್ಯಾಂಕಿನ ಕಡೆಯವರೋ ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆಕೆ ಬೇಸರಪಡಲಿಲ್ಲ. "ಅನುಮಾನ ಸರಿಯಾಗೇ ಇದೆ. ಯಾವ ಬ್ಯಾಂಕಿಂದ ನನಗೆ ಎಷ್ಟು ಬರುತ್ತೆ ಅಂತಲೂ ಹೇಳ್ತೀನಿ. ನೋಡಿ, ನೀವೇ ಆರಿಸಿ."

ಆಮೇಲೆ ನನ್ನ ಕೆಲಸ ಏನು ಅಂತ ಕೇಳಿದರು. ಮನೆಯಲ್ಲೇ ಇರ್ತೀನಿ, ಸ್ವಲ್ಪ ಹೊಲಿಗೆ ಅಂದೆ. ಎಷ್ಟು ಸ್ವಲ್ಪ? ಯಾರಿಗೆ? ದುಡ್ಡು ಖಾತೆಗೆ ಬರುತ್ತಾ? ಕೆದಕಿ ಕೆದಕಿ ಕೇಳಿದರು. ಆಸ್ಪತ್ರೆಯಿಂದ ವರ್ಷಗಟ್ಟಲೆ ತಪ್ಪದೆ ಬಂದದ್ದನ್ನು ನೋಡಿ, "ನಿಮ್ಮ ಮನೆಯಲ್ಲಿ ನಿಲ್ಲದೆ ಬರುತ್ತಿರುವ ಸಂಪಾದನೆ ಇದೊಂದೇ. ಬ್ಯಾಂಕಿನಲ್ಲಿ ಯಾಕೆ ಹೇಳಲಿಲ್ಲ?" ಅಂದರು. ಬ್ಯಾಂಕಿನವರು ಕೇಳಲಿಲ್ಲ. ನನಗೂ ಅದು ಹೇಳಿಕೊಳ್ಳುವಂಥದ್ದು ಅನ್ನಿಸಿರಲಿಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ.

ನಾಲ್ಕಾರು ಕಡೆ ವಿಚಾರಿಸಿ ಮತ್ತೆ ಕರೆಸಿದರು. ನೀವು ಇನ್ನೊಂದು ವರ್ಷದ ಒಪ್ಪಂದ ತೋರಿಸಿದರೆ ಇಬ್ಬರ ಹೆಸರಲ್ಲೂ ದೊಡ್ಡ ಸಾಲ, ನಾವು ನೋಡಿದ್ದ ಮೂರು ಕೋಣೆಯ ಮನೆ. ಇಲ್ಲದಿದ್ದರೆ ನನ್ನೊಬ್ಬಳ ಹೆಸರಲ್ಲಿ ಸಣ್ಣ ಸಾಲ, ಅದೇ ಕಟ್ಟಡದ ಹಿಂಬದಿಯ ಎರಡು ಕೋಣೆ. ದೊಡ್ಡದಾದರೆ ತನಗೆ ಬರುವುದೂ ಹೆಚ್ಚು ಅನ್ನೋದನ್ನೂ ಬಾಯಿಬಿಟ್ಟು ಹೇಳಿದರು. ಯಾವುದು ಒಳ್ಳೇದು ಅಂತ ಕೇಳಿದೆ. "ಕಂತಿನ ಲೆಕ್ಕ ನಾನು ಹೇಳಬಲ್ಲೆ. ಆ ಮನೆಯಲ್ಲಿ ಯಾರ್ಯಾರು ಇರಬೇಕು ಅನ್ನೋದು ನೀವು ಹೇಳಬೇಕು."

ಅಳೆದೆ, ಸುರಿದೆ. ನಡುಸಮುದ್ರದಲ್ಲಿರುವ ನಿಮಗೆ ಫೋನ್ ಸಿಗಲಿಲ್ಲ. ಸೋಮವಾರ ಹೋಗಿ ಎರಡು ಕೋಣೆಗೇ ಸಹಿ ಹಾಕಿ ಬಂದೆ. ಹಿಂಬದಿಯಾದರೂ ಬೆಳಕು ಚೆನ್ನಾಗಿದೆ, ಹೊಲಿಗೆ ಯಂತ್ರ ಕಿಟಕಿ ಪಕ್ಕ ಕೂರುತ್ತೆ. ಅತ್ತೆ ಬಂದು ಗೋಡೆ ತಟ್ಟಿ ನೋಡಿ "ನಿಲ್ಲುತ್ತೆ" ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಅತ್ತೆಯ ಆಶೀರ್ವಾದ, ಮಗಳ ಹಲ್ಲಿಲ್ಲದ ಮುತ್ತು ಈ ಕಾಗದದ ಜೊತೆಗೇ ಬರುತ್ತಿವೆ.

ನಿಮ್ಮ
ಮನೆಯವಳು

ಲಕೋಟೆ ಅಂಟಿಸುವ ಮೊದಲು ಇದೊಂದು: ಹಡಗಿನ ಕಂಪನಿಯವರು ಫೋನ್ ಮಾಡಿ, ನೀವು ಇನ್ನೊಂದು ವರ್ಷ ಮುಂದುವರಿಯುತ್ತೀರಾ ಅಂತ ಕೇಳಿದರು. ಅವರನ್ನೇ ಕೇಳಿ ಅಂದೆ. ಹಡಗು ಬೇಕೆನಿಸಿದರೆ ಹೂಂ ಅನ್ನಿ. ಮನೆಗೋಸ್ಕರ ಅಂತ ಮಾತ್ರ ಅನ್ನಬೇಡಿ. ಈ ಕಂತಿಗೆ ನನ್ನ ಹೊಲಿಗೆ ಸಾಕು, ಅದಕ್ಕೇ ಸಣ್ಣದು ಆರಿಸಿದ್ದು. ಕೇಳದೆ ಸಹಿ ಹಾಕಿದೆ ಅಂತ ಬೈಯುವುದಿದ್ದರೆ ಕಾಗದದಲ್ಲಿ ಬೇಡ, ಬಂದು ಬೈಯಿರಿ.